ಹೆಣಕ್ಕಿಂತ ಮೊದಲೇ ಬಂದ ಚಕ್ಕೋತದ ಎಲೆ

"ಮೇಡಂ, ನಿಮ್ಮನ್ನ ಒಳಗೆ ಬಿಡಬಾರ್ದು ಅಂತ ಆರ್ಡರ್ ಆಗಿದೆ."

ಧ್ರುವಮಹಲೆಂಬ ಜೂಜುಮನೆಯ ಬಾಗಿಲಲ್ಲಿ ನಿಂತಿದ್ದ ಕಾವಲುಗಾರನ ಎದೆಯೇ ಒಂದು ಬಾಗಿಲಿನಷ್ಟು ಅಗಲವಿತ್ತು. ಕುವೋಕ್ ಪುಯ್ ಸಾನ್ ತಲೆಯೆತ್ತಿ ಅವನನ್ನೊಮ್ಮೆ, ಅವನ ಹಿಂದೆ ನಿಂತಿದ್ದ ಹಿಮಕರಡಿಯ ಬೊಂಬೆಯನ್ನೊಮ್ಮೆ ನೋಡಿದಳು. ಇಬ್ಬರಲ್ಲಿ ಕರಡಿಯೇ ಮಾತಿಗೆ ಸಿಗುವಂತೆ ಕಂಡಿತು.

"ಯಾರ ಆರ್ಡರ್ರು?"

"ಸಿಟ್ ಮೇಡಂದು."

ಮಹಲಿನ ಒಡತಿಯ ಹೆಸರು ಸಿಟ್. ಸಿಟ್ಟನ್ನು ಆಕೆ ಬೇರೆಯಾಗಿ ಕಲಿಯಬೇಕಾಗಿರಲಿಲ್ಲ.

"ಆರ್ಡರಲ್ಲಿ ಏನಂತಿದೆ? ಜೂಜಿನ ಅಂಗಳಕ್ಕೆ ಬಿಡಬೇಡಿ ಅಂತಾನೋ, ಊಟಕ್ಕೆ ಬಿಡಬೇಡಿ ಅಂತಾನೋ?"

ಕಾವಲುಗಾರ ಯೋಚಿಸಿದ. ಅದು ಅವನ ಸಂಬಳಕ್ಕೆ ಸೇರದ ಕೆಲಸವಾಗಿತ್ತು.

"ಜೂಜಿನ ಅಂಗಳಕ್ಕೆ..."

"ನನಗೆ ಹಸಿವಾಗಿದೆ ಕಣಪ್ಪ. ಸಿಗಡಿ ಕಡುಬು ತಿನ್ನೋದಕ್ಕೂ ಅಪ್ಪಣೆ ಬೇಕು ಅಂತಿದ್ರೆ ಬರೆದು ಕೊಡು. ಹೊರಗೆ ಟ್ಯಾಕ್ಸಿ ಸ್ಟ್ಯಾಂಡಲ್ಲಿ ಅಂಟಿಸ್ತೀನಿ. ಬರೋರೆಲ್ಲ ಓದ್ಕೊಂಡು ಪಕ್ಕದ ಮಹಲಿಗೆ ಹೋಗ್ಲಿ."

ಕಾವಲುಗಾರ ಒಂದು ಹೆಜ್ಜೆ ಸರಿದ. ಪುಯ್ ಸಾನ್ ಒಳಗೆ ನುಗ್ಗಿದಳು.

ಊಟ ಒಂದು ನೆಪ. ಮಹಲಿನ ಫೆಂಗ್‌ಶುಯಿ ಗುರು ತಾಮ್‌ನ ಹೆಣ ಮಹಲಿನೊಳಗಿನ ದೋಣಿವಿಹಾರದ ಕಾಲುವೆಯಲ್ಲೇ ತೇಲಿತ್ತು. ಆ ಕೊಲೆಯ ಆರೋಪ ಹೊತ್ತು ಪುಯ್ ಸಾನ್‌ಳ ತಂಗಿಯ ಮಗಳು ವೈ ಲಾಮ್ ಲಾಕಪ್ಪಿನಲ್ಲಿ ಕೂತಿದ್ದಳು. ನಾಳೆ ಬೆಳಿಗ್ಗೆ ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಂದಾಚೆ ಜೈಲು. ಪೊಲೀಸ್ ಇನ್ಸ್‌ಪೆಕ್ಟರ್ ಕೆಲಸವನ್ನು ಮೇಲಧಿಕಾರಿಯ ಮುಖಕ್ಕೆ ಎಸೆದು ಬಂದಿದ್ದ ಪುಯ್ ಸಾನ್‌ಗೆ ಈಗ ಸಮವಸ್ತ್ರವೂ ಇಲ್ಲ, ನಾಳೆಯ ನಂತರ ಸಮಯವೂ ಇಲ್ಲ.

ಮಕಾವ್‌ನ ಜುಲೈ ಬಿಸಿಲು ಬಾಗಿಲಾಚೆಗೇ ಉಳಿಯಿತು. ಒಳಗೆ ಉತ್ತರ ಧ್ರುವ. ಚಾವಣಿಯ ತುಂಬ ಹಸಿರು, ನೇರಳೆ ಬೆಳಕಿನ ಪರದೆಗಳು ಅಲೆಯಾಡುತ್ತಿದ್ದವು. ಅಂಗಡಿ ಬೀದಿಯ ಎರಡೂ ಬದಿಗೆ ಮಂಜಿನ ಗುಡಿಸಲುಗಳು. ಒಂದರಲ್ಲಿ ಸ್ವಿಸ್ ಗಡಿಯಾರ, ಒಂದರಲ್ಲಿ ಇಟಲಿಯ ಕೈಚೀಲ, ಇನ್ನೊಂದರಲ್ಲಿ ಬಾದಾಮಿ ಬಿಸ್ಕತ್ತು ಮತ್ತು ಹಾಳೆಯಂತೆ ಒಣಗಿಸಿದ ಹಂದಿಮಾಂಸ. ಆಗಾಗ ಮೇಲಿನಿಂದ ನೊರೆಯ ಹಿಮ ಉದುರುತ್ತಿತ್ತು. ಆ ಹಿಮ ಕರಗುತ್ತಿರಲಿಲ್ಲ. ಕರಗುತ್ತಿದ್ದದ್ದು ಬಂದವರ ಜೇಬು.

ಮಹಲು ಕಟ್ಟಿದಾಗ ಎಲ್ಲವೂ ಬೆಳ್ಳಗಿತ್ತು. ಹಿಮವೆಂದರೆ ಬಿಳಿ ಎಂದು ನಂಬಿದ್ದ ಪರದೇಶಿ ವಿನ್ಯಾಸಗಾರ ಪಾಪ, ಅಮಾಯಕ. ಮೊದಲ ದಿನ ಜೂಜಿಗೆ ಬಂದವರು ಬಾಗಿಲಲ್ಲೇ ನಿಂತು, "ಯಾರು ತೀರ್ಕೊಂಡ್ರು?" ಎಂದು ಕೇಳಿ ಹಿಂದಿರುಗಿದರು. ಸಾವಿನ ಮನೆಯ ಬಣ್ಣದಲ್ಲಿ ಕೂತು ಯಾರು ಅದೃಷ್ಟ ಹುಡುಕುತ್ತಾರೆ?

ಆಗ ಕರೆಸಿದ್ದು ತಾಮ್ ಗುರುವನ್ನು. ಅವನು ದಿಕ್ಸೂಚಿ ಹಿಡಿದು ಸುತ್ತು ಹಾಕಿ ಹೇಳಿದ್ದು ಒಂದೇ ಮಾತು: "ಕೆಂಪು." ವಾರದೊಳಗೆ ಹಿಮಕರಡಿಗಳು ಕೆಂಪಾದವು, ಪೆಂಗ್ವಿನ್ನುಗಳು ಬಂಗಾರವಾದವು. ಉತ್ತರ ಧ್ರುವದಲ್ಲಿ ಪೆಂಗ್ವಿನ್ನೇ ಇಲ್ಲವಲ್ಲ ಎಂದ ಗುಮಾಸ್ತನೊಬ್ಬ ಮಾತ್ರ ಕೆಲಸ ಕಳೆದುಕೊಂಡು ಬಿಳಿಚಿಕೊಂಡ.

ಅಂದಿನಿಂದ ತಾಮ್ ತೋರಿಸಿದ್ದೇ ದಿಕ್ಕು. ಯಾವ ಮೇಜಿನಲ್ಲಿ ಮಹಲು ಸೋತರೂ ಅವನು ಬಂದು ಇಸ್ಪೀಟು ಹಂಚುವ ಹುಡುಗಿಯ ಹಣೆ ಪರೀಕ್ಷಿಸುತ್ತಿದ್ದ. ಜೂಜುಕೋರರಿಗೆ ಮೂಢನಂಬಿಕೆ ಎಂದು ನಗುವವರು ಜೂಜುಮನೆಯವರನ್ನು ನೋಡಿಲ್ಲ. ವೈ ಲಾಮ್‌ಳ ಮೇಜಿನಲ್ಲಿ ಗಿರಾಕಿಯೊಬ್ಬ ವಾರಪೂರ್ತಿ ಗೆದ್ದ. "ಈ ಹಣೆ ಮನೆಗೆ ಆಗಿ ಬರಲ್ಲ" ಎಂದ ಗುರು. ಹುಡುಗಿಯನ್ನು ದೊಡ್ಡ ಆಟಗಾರರ ಕೋಣೆಯಿಂದ ಯಂತ್ರಗಳ ಮೂಲೆಗೆ ತಳ್ಳಿದರು, ಕೂತಲ್ಲೇ ನಿದ್ದೆ ಹೋದವರನ್ನು ಎಬ್ಬಿಸುವ ಕೆಲಸಕ್ಕೆ. ಆಕೆ ಎಲ್ಲರೆದುರು, "ನಿನ್ನ ಹಣೆ ಒಡೀತೀನಿ ನೋಡ್ತಿರು" ಎಂದಿದ್ದಳು. ಆಮೇಲೆ ಗುರುವಿನ ಹಣೆ ನಿಜಕ್ಕೂ ಒಡೆದಿತ್ತು. ಮೊಣಕಾಲುದ್ದದ ನೀಲಿ ನೀರಲ್ಲಿ ಅವನು ಬೋರಲು ಬಿದ್ದಿದ್ದ. ಅವನ ಕೆಳಗೆ ವೈ ಲಾಮ್‌ಳ ಹೆಸರಿನ ಬಿಲ್ಲೆ.

ಪೊಲೀಸರಿಗೆ ಅಷ್ಟು ಸಾಕಾಗಿತ್ತು. ಪುಯ್ ಸಾನ್‌ಗೆ ಸಾಕಾಗಿರಲಿಲ್ಲ. ಬಿಲ್ಲೆಯ ಫೋಟೋ ನೋಡಿದ ಕ್ಷಣವೇ ಆಕೆಗೆ ಕಂಡಿದ್ದು ಅದರ ಪಿನ್ನು. ಪಿನ್ನು ಹಾಕಿಕೊಂಡೇ ಇತ್ತು. ಎಳೆದಾಟದಲ್ಲಿ ಕಿತ್ತು ಬಂದ ಬಿಲ್ಲೆಯಾದರೆ ಪಿನ್ನು ಬಾಯಿ ತೆರೆದಿರಬೇಕು, ಬಟ್ಟೆಯ ಎಳೆಯಾದರೂ ಸಿಕ್ಕಿರಬೇಕು. ಇದನ್ನು ಯಾರೋ ನಿಧಾನವಾಗಿ ಅಂಗಿಯಿಂದ ಬಿಚ್ಚಿ, ಪಿನ್ನು ಮುಚ್ಚಿದ್ದಾರೆ. ಕೊಲೆ ಮಾಡುವಾಗ ಅಷ್ಟು ಅಚ್ಚುಕಟ್ಟು ಯಾರಿಗಿರುತ್ತದೆ?

ಅಂಗಡಿ ಬೀದಿಯ ತುದಿಯಲ್ಲಿ ರಾತ್ರಿ ಕುಣಿತದ ಕ್ಲಬ್ಬು. ಹಗಲಿನಲ್ಲಿ ಅದರ ಬಾಗಿಲು ಮುಚ್ಚಿತ್ತಾದರೂ ನಿನ್ನೆಯ ಮದ್ಯದ ವಾಸನೆ ಇನ್ನೂ ಮನೆಗೆ ಹೋಗಿರಲಿಲ್ಲ. ಅದರ ಪಕ್ಕದಲ್ಲೇ ತಿಮಿಂಗಿಲದ ಎಲುಬಿನಡಿ ಕಟ್ಟಿದ ಊಟದ ಮನೆ. ಎಲುಬಿಗೂ ಬಂಗಾರದ ಬಣ್ಣ.

ಒಳಕೋಣೆಯ ದುಂಡು ಮೇಜಿನಲ್ಲಿ ಫೋಂಗ್ ಚಿ ವಾಯ್ ಒಬ್ಬನೇ ಕೂತಿದ್ದ. ದೊಡ್ಡ ಆಟಗಾರರನ್ನು ಓಲೈಸುವ ವಿಭಾಗದ ಮುಖ್ಯಸ್ಥ. ಬಾಡಿಗೆಗೆ ತಂದಂಥ ನಗು, ಸ್ವಂತಕ್ಕೆ ಕೊಂಡಂಥ ಸೂಟು. ಬೆಳಗಾಗುವ ಹೊತ್ತಿಗೆ ವೈ ಲಾಮ್ ಕಾಲುವೆಯ ಬಳಿ ಗುರುವಿನ ಜೊತೆ ಕಿತ್ತಾಡುತ್ತಿದ್ದುದನ್ನು ಕಂಡೆ, ಆಮೇಲೆ ಮಧ್ಯಾಹ್ನದವರೆಗೆ ನನಗೇನೂ ಗೊತ್ತಿಲ್ಲ ಎಂದು ಹೇಳಿಕೆ ಕೊಟ್ಟವನು ಇವನೇ. ಬೇರೆ ಸಾಕ್ಷಿ ಇಲ್ಲ.

"ಓಹೋ, ಸಾನ್ ಅಕ್ಕ! ಬನ್ನಿ ಬನ್ನಿ. ಊಟ ಆಯ್ತಾ?"

"ನಿಮ್ಮ ಜೊತೆ ಮಾಡೋಣ ಅಂತ್ಲೇ ಬಂದೆ, ಫೋಂಗ್ ಸಾಹೇಬ್ರೆ. ಒಬ್ರೇ ತಿಂದ್ರೆ ನಿಮಗೆ ಅರಗಲ್ಲ."

ಆಕೆ ಎದುರಿಗೆ ಕೂತು, ಅಲ್ಲಿನ ರೂಢಿಯಂತೆ ಬಿಸಿ ಟೀ ಸುರಿದು ತನ್ನ ಬಟ್ಟಲು, ಊಟದ ಕಡ್ಡಿಗಳನ್ನು ತೊಳೆದಳು. ಆಮೇಲೆ ಅವನ ಕಪ್ಪಿಗೂ ಟೀ ಬಗ್ಗಿಸಿದಳು. ಫೋಂಗ್ ಎರಡು ಬೆರಳಿನಿಂದ ಮೇಜನ್ನು ಮೆತ್ತಗೆ ತಟ್ಟಿ ಉಪಕಾರ ಸ್ಮರಿಸಿದ.

ಬಿದಿರಿನ ಬುಟ್ಟಿಗಳು ಬಂದವು. ಸಿಗಡಿ ಕಡುಬು, ಹಲ್ವಾದಂತೆ ಹೋಳು ಮಾಡಿ ಹುರಿದ ಮೂಲಂಗಿ, ಕೋಳಿಯ ಪಾದ.

"ಅಕ್ಕ, ನೇರವಾಗಿ ಹೇಳ್ತೀನಿ, ತಪ್ಪು ತಿಳ್ಕೋಬೇಡಿ," ಎಂದ ಫೋಂಗ್. "ಸಿಟ್ ಮೇಡಂಗೆ ನಿಮ್ಮ ಓಡಾಟ ಹಿಡಿಸ್ತಿಲ್ಲ. ನೀವಿರೋ ಮನೆ ಯಜಮಾನ್ರೂ ಮೇಡಂಗೆ ಬೇಕಾದವ್ರು. ಸುಮ್ನೆ ಯಾಕೆ ತೊಂದ್ರೆ ತಂದ್ಕೋತೀರ?"

"ಮನೆ ಖಾಲಿ ಮಾಡಿಸ್ತಾರಾ? ಮಾಡಿಸ್ಲಿ. ನಿಮ್ಮ ಮಹಲಿನ ಬಾಗಿಲಲ್ಲೇ ಚಾಪೆ ಹಾಸ್ತೀನಿ. ಬಿಳಿ ಚಾಪೆ. ಬಟ್ಟೆ, ದಿಂಬು ಎಲ್ಲ ಬಿಳೀನೇ. ನಿಮ್ಮ ಗಿರಾಕಿಗಳು ನನ್ನ ದಾಟ್ಕೊಂಡು ಒಳಗೆ ಬರ್ತಾರಾ ನೋಡೋಣ."

ಫೋಂಗ್‌ನ ನಗುವಿನ ಬಾಡಿಗೆ ಅವಧಿ ಸ್ವಲ್ಪ ಮುಗಿದಂತಾಯಿತು.

"ನಿಮ್ಮ ಬಾಯಿಗೆ ನಮಸ್ಕಾರ."

"ನಿಮ್ಮ ಮೂಗಿಗೆ ನಮಸ್ಕಾರ. ಮಂಗಳವಾರ ಬೆಳಿಗ್ಗೆ ಕೆಂಪು ಮಾರ್ಕೆಟ್ಟಿಗೆ ಹೋಗಿದ್ರಂತೆ. ಆ ಮೀನಿನ ವಾಸನೆ ಹೆಂಗೆ ತಡ್ಕೊಂಡ್ರಿ?"

ಕಡ್ಡಿಗಳ ನಡುವಿದ್ದ ಕಡುಬು ಗಾಳಿಯಲ್ಲೇ ನಿಂತಿತು.

"ಸೂಟು ಬೂಟು ಹಾಕ್ಕೊಂಡು ಮೀನಿನ ನೀರು ತುಳ್ಕೊಂಡು ಬಂದ ಗಿರಾಕೀನ ಸೊಪ್ಪಿನಂಗಡಿ ಲಾವ್ ಅತ್ತೆ ಮರೀತಾಳಾ? ಅಂಗಡಿ ಬಾಗಿಲು ಇನ್ನೂ ಅರ್ಧ ತೆರೆದಿತ್ತಂತೆ. 'ಚಕ್ಕೋತದ ಎಲೆ ಇದ್ಯಾ' ಅಂದ್ರಂತೆ. ಚೌಕಾಸಿ ಕೂಡ ಮಾಡ್ಲಿಲ್ವಂತೆ. ಅತ್ತೆಗೆ ಅದೇ ಜಾಸ್ತಿ ಅನುಮಾನ."

ಸಾವಿನ ಮನೆಗೆ ಹೋದವರು, ಹೆಣ ಮುಟ್ಟಿದವರು ಚಕ್ಕೋತದ ಎಲೆ ಹಾಕಿ ಕಾಯಿಸಿದ ನೀರಲ್ಲಿ ಮಿಂದು ಮೈಲಿಗೆ ಕಳೆದುಕೊಳ್ಳುತ್ತಾರೆ. ಹಾಗೆ ಮೀಯದೆ ಮನೆಯೊಳಗೆ ಕಾಲಿಡಲು ಆ ಊರಿನ ಕಳ್ಳನೂ ಹೆದರುತ್ತಾನೆ, ಕೋಟ್ಯಧಿಪತಿಯೂ ಹೆದರುತ್ತಾನೆ.

"ಹೆಣ ಸಿಕ್ಕಿದ್ದು ಮಂಗಳವಾರ ಮಧ್ಯಾಹ್ನ, ಪ್ರವಾಸಿಗಳ ದೋಣಿ ಹೊರಟಾಗ," ಎಂದಳು ಪುಯ್ ಸಾನ್. "ಎಲೆ ತಂದಿದ್ದು ಬೆಳಿಗ್ಗೆ. ಇಡೀ ಮಕಾವ್‌ನಲ್ಲಿ ಹೆಣಕ್ಕಿಂತ ಮುಂಚೆ ಮೈಲಿಗೆ ಬಂದಿದ್ದು ನಿಮಗೊಬ್ರಿಗೇ, ಸಾಹೇಬ್ರೆ."

"ನಮ್ಮತ್ತೆ ಆಸ್ಪತ್ರೆಯಿಂದ ಬಂದ್ರು. ಅವರಿಗೆ ಅಂತ ತಂದೆ."

"ಯಾವ ಅತ್ತೆ? ಗಡಿಯಾಚೆ ಝುಹಾಯ್‌ನಲ್ಲಿದ್ದಾರಲ್ಲ, ಅವ್ರಾ? ಆಸ್ಪತ್ರೆಯಿಂದ ಬಂದವ್ರೂ ಆ ನೀರು ಹಾಕ್ಕೋತಾರೆ ಅಂತ ಬೆಳಿಗ್ಗೇನೇ ಫೋನ್ ಮಾಡಿ ವಿಚಾರಿಸಿದ್ದೆ. ಪಾರ್ಕಲ್ಲಿ ಬೀಸಣಿಗೆ ಹಿಡ್ಕೊಂಡು ಕುಣೀತಿದ್ರು. ಆಸ್ಪತ್ರೆ ಅಂದಿದ್ದಕ್ಕೆ ನಿಮ್ಮ ಬಾಯಿಗೆ ಹುಳ ಬೀಳ ಅಂತ ಬೈದ್ರು. ನನಗಲ್ಲ, ನಿಮಗೆ."

ಆಕೆ ಮತ್ತೆ ಟೀ ಬಗ್ಗಿಸಿದಳು. ಈ ಸಲ ಫೋಂಗ್‌ನ ಬೆರಳು ಮೇಜು ತಟ್ಟಲಿಲ್ಲ.

"ಸರಿ ಅಕ್ಕ, ನಿಜ ಹೇಳ್ಬಿಡ್ತೀನಿ. ಆಟದಲ್ಲಿ ಸೋತಿದ್ದೆ. ಸೋತವ್ರೂ ಆ ನೀರು ಹಾಕ್ಕೋತಾರೆ. ದರಿದ್ರ ಹೋಗ್ಲಿ ಅಂತ."

"ಹಾಕ್ಕೋತಾರೆ. ಎಲ್ಲಿ ಸೋತ್ರಿ?"

"ಅಂದ್ರೆ?"

"ಯಾವ ಜೂಜುಮನೇಲಿ? ಜೂಜುಮನೆ ನೌಕರರು ಚೀನೀ ಹೊಸ ವರ್ಷದ ಮೂರು ದಿನ ಬಿಟ್ರೆ ಯಾವ ಜೂಜುಮನೆಗೂ ಆಡೋಕೆ ಕಾಲಿಡಂಗಿಲ್ಲ. ಕಾನೂನು. ಈಗ ಜುಲೈ. ನಾನು ಆಡಿದ್ದೆ ಅಂತ ಬರೆದು ಕೊಡ್ತೀರಾ? ಸಂಜೆಗೆ ನಿಮ್ಮ ಕೆಲಸ ಹೋಗತ್ತೆ."

"ಜೂಜುಮನೆ ಅಂತ ನಾನೆಲ್ಲಿ ಅಂದೆ? ಸ್ನೇಹಿತರ ಮನೇಲಿ ಮಾಜಾಂಗ್."

"ಮಾಜಾಂಗ್ ಕನ್ನಡಿ ಮುಂದೆ ಕೂತು ಆಡೋ ಆಟ ಅಲ್ಲ. ನಾಲ್ಕು ಜನ ಬೇಕು. ನೀವೊಬ್ರು. ಇನ್ನು ಮೂರು ಹೆಸರು ಹೇಳಿ."

ಫೋಂಗ್ ಬಾಯಿ ತೆರೆದ. ಹೆಸರಿನ ಬದಲು ಕಡುಬು ಕಡ್ಡಿಯಿಂದ ಜಾರಿ ಟೀ ಕಪ್ಪಿನೊಳಗೆ ಬಿತ್ತು.

ಇಸ್ಪೀಟಿನ ಎಲೆಯಿಂದ ಊರವರ ಮನೆ ಹಾಳು ಮಾಡಿದವನು ಚಕ್ಕೋತದ ಎಲೆಗೆ ಸಿಕ್ಕಿಬಿದ್ದಿದ್ದ. ಪುಯ್ ಸಾನ್ ಕುರ್ಚಿಗೆ ಒರಗಿದಳು. ಇಷ್ಟು ಸಾಕು. ಸಾಕ್ಷಿ ಹೇಳಿದವನೇ ಹೆಣ ಮುಟ್ಟಿದ್ದಾನೆ ಎಂದರೆ ನಾಳೆ ಯಾವ ನ್ಯಾಯಾಧೀಶನೂ ಅವನ ಮಾತಿನ ಮೇಲೆ ಹುಡುಗಿಯನ್ನು ಜೈಲಿಗೆ ಕಳಿಸುವುದಿಲ್ಲ.

"ಬಿಲ್ಲೆ ಹಾಕಿದ್ದೂ ನೀವೇನಾ?"

ಫೋಂಗ್ ಕಪ್ಪಿನಿಂದ ಕಡುಬನ್ನು ಎತ್ತಿ ಬದಿಗಿಟ್ಟ. ಕರವಸ್ತ್ರದಿಂದ ಬಾಯಿ ಒರೆಸಿಕೊಂಡ. ಮಾಣಿಯನ್ನು ಕರೆದು ಮೊಟ್ಟೆಯ ಸಿಹಿ ತಿಂಡಿ, ಅನ್ನದ ಗಂಜಿ, ಇನ್ನೊಂದು ಹೂಜಿ ಬಿಸಿ ಟೀ ತರಲು ಹೇಳಿದ. ಸಿಕ್ಕಿಬಿದ್ದವನಿಗೆ ಇಷ್ಟು ಹಸಿವೆಯೇ?

"ಹೌದು, ಹೆಣ ಮುಟ್ಟಿದೆ," ಎಂದ ಮಾಣಿ ಹೋದ ಮೇಲೆ. "ಉಸಿರಿದ್ಯಾ ಅಂತ ನೋಡೋಕೆ ತಿರುಗಿಸಿದೆ. ಇರಲಿಲ್ಲ. ಆದ್ರೆ ಬಿಲ್ಲೆ ನಾನು ಹಾಕಿಲ್ಲ. ಅಲ್ಲೇ ಇತ್ತು. ಅಕ್ಕ, ಲಾವ್ ಅತ್ತೆ ಎಷ್ಟು ಕಟ್ಟು ಎಲೆ ಮಾರಿದೆ ಅಂತ ನಿಮಗೆ ಹೇಳ್ಲಿಲ್ವಾ?"

"ಯಾಕೆ?"

"ಎರಡು ಕಟ್ಟು ತಂದೆ. ಒಂದು ನನಗೆ. ಇನ್ನೊಂದನ್ನ ನಿಮ್ಮ ತಂಗಿ ಮನೆ ಬಾಗಿಲಿಗೆ ತೂಗುಹಾಕಿ ಬಂದೆ."

ಪಕ್ಕದ ಕೋಣೆಯಲ್ಲಿ ಯಾರೋ ಜೋರಾಗಿ ನಕ್ಕರು. ಪುಯ್ ಸಾನ್‌ಗೆ ಆ ನಗು ತನ್ನ ಬೆನ್ನಿಗೆ ಬಿದ್ದಂತಾಯಿತು. ತಂಗಿ ಆಫಾನ್‌ಳ ಮನೆಯಲ್ಲಿರುವುದು ತಾಯಿ, ಮಗಳು ಇಬ್ಬರೇ.

"ಸುಳ್ಳು."

"ಹೆಣ ಮುಟ್ಟಿದವ್ರು ಹಾಗೇ ಮನೇಲಿರಬಾರ್ದು ಅಕ್ಕ. ನಾನೇನು ರಾಕ್ಷಸನಾ?" ಫೋಂಗ್ ಮುಂದೆ ಬಾಗಿದ. "ಈಗ ಕೇಳಿ. ನೀವು ಎಲೆ ಕಥೆ ಪೊಲೀಸರಿಗೆ ಹೇಳಿದ್ರೆ ಎರಡು ಕಟ್ಟಿನ ಕಥೇನೂ ಹೇಳ್ಬೇಕಾಗತ್ತೆ. ನಾನಂತೂ ಹೇಳ್ತೀನಿ. ಬದಲಿಗೆ ನೀವು ಮರೆತುಬಿಡಿ. ನಾಳೆ ಕೋರ್ಟಲ್ಲಿ ನಾನು ಕಂಡಿದ್ದು ಯಾರೋ ಹೆಂಗಸು, ಮುಖ ಸರಿಯಾಗಿ ಕಾಣ್ಲಿಲ್ಲ ಅಂದ್ಬಿಡ್ತೀನಿ. ವೈ ಲಾಮ್ ಮಧ್ಯಾಹ್ನದ ಊಟಕ್ಕೆ ಮನೇಲಿರ್ತಾಳೆ."

ಬಂದ ಕೆಲಸ ಆದಂತೆಯೇ. ತಲೆ ಅಲ್ಲಾಡಿಸಿದರೆ ಸಾಕು. ಒಂದು ಕ್ಷಣ, ಒಂದೇ ಒಂದು ಕ್ಷಣ, ಪುಯ್ ಸಾನ್‌ಳ ತಲೆ ಹಾಗೆ ಅಲ್ಲಾಡಲು ಹೊರಟಿತು ಕೂಡ. ಲಾಕಪ್ಪಿನ ಸರಳಿಗೆ ಹಣೆ ಒತ್ತಿ ನಿಂತಿದ್ದ ಹುಡುಗಿಯ ಮುಖ ಕಣ್ಣಮುಂದೆ ಬಂತು. "ದೊಡ್ಡಮ್ಮ, ನಾನು ಮಾಡಿಲ್ಲ" ಎಂದಷ್ಟೇ ಹೇಳಿ, ಮುಂದಿನ ಯಾವ ಪ್ರಶ್ನೆಗೂ ಬಾಯಿ ಬಿಡದಿದ್ದ ಹುಡುಗಿ.

"ಇಪ್ಪತ್ತು ವರ್ಷ ಪೊಲೀಸ್ ಕೆಲಸದಲ್ಲಿ ನಿಮ್ಮಂಥವ್ರು ಕೊಟ್ಟ ಟೀ ಬೇಕಾದಷ್ಟು ಕುಡಿದಿದ್ದೀನಿ, ಫೋಂಗ್," ಎಂದಳು. ಸಾಹೇಬ್ರೆ ಎಂಬುದು ಉದುರಿಹೋಗಿತ್ತು. "ಅದರಲ್ಲಿ ಸಕ್ಕರೆ ಹಾಕಿಸ್ಕೊಂಡಿಲ್ಲ. ನಮ್ಮ ಹುಡುಗಿ ತಪ್ಪು ಮಾಡಿದ್ರೆ ನಾನೇ ಕೈ ಹಿಡ್ಕೊಂಡು ಕರ್ಕೊಂಡ್ ಹೋಗಿ ಒಪ್ಪಿಸ್ತೀನಿ. ಮಾಡಿಲ್ದಿದ್ರೆ ನಿನ್ನ ಭಿಕ್ಷೆ ಬೇಡ. ತಲೆ ಎತ್ಕೊಂಡು ಬರ್ತಾಳೆ."

ಫೋನ್ ತೆಗೆದು ತಂಗಿಯ ನಂಬರ್ ಒತ್ತಿ, ಅವನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ಮೇಜಿನ ಮಧ್ಯೆ ಇಟ್ಟಳು.

"ಆಫಾನ್, ಒಂದೇ ಮಾತು ಕೇಳ್ತೀ‌ನಿ. ಮಂಗಳವಾರ ಬೆಳಿಗ್ಗೆ ನಿಮ್ಮನೆ ಬಾಗಿಲಲ್ಲಿ ಚಕ್ಕೋತದ ಎಲೆ ಇತ್ತಾ?"

ಆ ಕಡೆ ಕುರ್ಚಿಯೊಂದನ್ನು ಎಳೆದ ಸದ್ದಾಯಿತು.

"ಆಫಾನ್! ವೈ ಲಾಮ್ ಆ ನೀರಲ್ಲಿ ಮಿಂದ್ಲಾ ಇಲ್ವಾ?"

"ವೈ ಲಾಮ್ ಮೀಯ್ಲಿಲ್ಲ ಅಕ್ಕ," ಎಂದಳು ತಂಗಿ. ಪುಯ್ ಸಾನ್ ಗೆದ್ದವಳಂತೆ ಫೋಂಗ್‌ನತ್ತ ನೋಡಿದಳು. ಅವನು ಫೋನನ್ನೇ ನೋಡುತ್ತಿದ್ದ. ಆಮೇಲೆ ಆಫಾನ್‌ಳ ಧ್ವನಿ ಇನ್ನೂ ಸಣ್ಣದಾಯಿತು. "ಆ ನೀರು ನಾನು ಹಾಕ್ಕೊಂಡೆ."

ಮಾಣಿ ಆಗಲೇ ತಂದಿಟ್ಟಿದ್ದ ಗಂಜಿಯಿಂದ ಹಬೆ ಏಳುತ್ತಿತ್ತು.

ಆಫಾನ್ ಮಹಲಿನಲ್ಲೇ, ಸಮವಸ್ತ್ರಗಳ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದಳು. ಒಗೆಯಲು ಬಂದ ಅಂಗಿಗಳಿಂದ ಹೆಸರಿನ ಬಿಲ್ಲೆ ಬಿಚ್ಚಿ, ಪಿನ್ನು ಮುಚ್ಚಿ, ಡಬ್ಬಿಗೆ ಹಾಕುವುದು ಅವಳ ದಿನದ ಕೆಲಸ. ಮಗಳ ಬಿಲ್ಲೆ ಅವಳ ಜೇಬಿನಲ್ಲಿರುವುದರಲ್ಲಿ ವಿಶೇಷವೇನಿತ್ತು? ಹೆಣದ ಮೇಲೆ ಬಾಗಿದಾಗ ಅದು ಜಾರಿ ಬಿದ್ದಿರಬೇಕು. ಲಾಕಪ್ಪಿನಲ್ಲಿ ಹುಡುಗಿ ಬಾಯಿ ಬಿಡದೆ ನಿಂತದ್ದು ತನ್ನನ್ನು ಉಳಿಸಿಕೊಳ್ಳಲಿಕ್ಕಲ್ಲ. ತಾಯಿಯನ್ನು ಉಳಿಸಲಿಕ್ಕೆ.

"ಆ ತಾಮ್‌ನ ನೀನು..." ಪುಯ್ ಸಾನ್‌ ಫೋನಿನತ್ತ ಬಾಗಿದಳು.

"ಇಲ್ಲ ಅಕ್ಕ! ದೇವರಾಣೆ ಇಲ್ಲ! ಮಗೂನ ಮತ್ತೆ ಮೇಜಿಗೆ ಹಾಕಿ ಅಂತ ಕಾಲು ಹಿಡ್ಕೊಳ್ಳೋಕೆ ಹೋಗಿದ್ದೆ. ನಾ ಹೋಗೋ ಹೊತ್ತಿಗೆ ಅವ್ರು ಆಗ್ಲೇ ನೀರಲ್ಲಿ... ಕಾಲುವೆ ಸೇತುವೆ ಮೇಲೆ ನಿಂತಿದ್ದಿದ್ದು..." ಮಾತು ಕತ್ತರಿಸಿದಂತೆ ನಿಂತಿತು.

"ಯಾರು? ಸೇತುವೆ ಮೇಲೆ ಯಾರಿದ್ರು?"

"ಅಕ್ಕ, ಮನೇಲಿ ನೆಂಟರಿದ್ದಾರೆ."

"ಈ ಹೊತ್ತಲ್ಲಿ ಯಾವ ನೆಂಟರೇ? ಬಾಗಿಲು ಹಾಕ್ಕೊಂಡಿರು, ನಾನು ಈಗ್ಲೇ ಹೊರಟೆ."

"ಬಾಗಿಲು ಹಾಕಿದೆ ಅಕ್ಕ." ಆಫಾನ್ ಅಳುತ್ತಿದ್ದಳು. "ಅವ್ರು ಒಳಗೇ ಕೂತಿದ್ದಾರೆ."

ಫೋನು ಕೈ ಬದಲಾಯಿಸಿದ ಸದ್ದು. ಆಮೇಲೆ ಒಂದು ಧ್ವನಿ. ಮೆತ್ತಗಿನ, ತಣ್ಣಗಿನ, ಯಾವ ಆತುರವೂ ಇಲ್ಲದ ಹೆಂಗಸಿನ ಧ್ವನಿ.

"ಪುಯ್ ಸಾನ್, ನಮ್ಮ ಊಟದ ಮನೆ ಗಂಜಿ ಹೆಂಗಿದೆ? ನಿಧಾನವಾಗಿ ಊಟ ಮಾಡಿ. ನಿಮ್ಮ ತಂಗಿ ಜೊತೆ ನಾನು ಮಾತಾಡ್ತಿರ್ತೀನಿ. ಬಿಲ್ಲು ನಮ್ಮದು."

ಸಿಟ್ ಮೇಡಂ. ಸೇತುವೆಯ ಮೇಲೆ ನಿಂತಿದ್ದವರು ಯಾರೆಂದು ಇನ್ನು ಕೇಳಬೇಕಾಗಿರಲಿಲ್ಲ.

ಫೋಂಗ್ ಯಾಕೆ ಒಂದರ ಮೇಲೊಂದು ತಟ್ಟೆ ತರಿಸುತ್ತಿದ್ದ ಎಂದು ಪುಯ್ ಸಾನ್‌ಗೆ ಈಗ ತಿಳಿಯಿತು. ಅವನು ಇವಳಿಗೆ ಉಣಿಸುತ್ತಿರಲಿಲ್ಲ. ಒಡತಿಗೆ ಹೊತ್ತು ಒದಗಿಸುತ್ತಿದ್ದ. ಈಗ ಅವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಒಳಕೋಣೆಯ ಬಾಗಿಲಲ್ಲಿ ಇಬ್ಬರು ಕಾವಲುಗಾರರು ಬಂದು ನಿಂತಿದ್ದರು. ಒಬ್ಬ ಹಿಂದೆ ಕೈ ಹಾಕಿ ಚಿಲಕ ಎಳೆದ.

ಪುಯ್ ಸಾನ್ ಫೋನಿಗೆ ಬಾಯಿ ಹತ್ತಿರ ತಂದಳು. ಧ್ವನಿ ಏರಿಸಲಿಲ್ಲ.

"ನನ್ನ ಊಟದ ಬಿಲ್ಲು ನಾನೇ ಕೊಡ್ತೀನಿ, ಮೇಡಂ. ನನ್ನ ತಂಗಿ ಮುಂದಿರೋ ಟೀ ಕಪ್ಪು ಒಂಚೂರು ಅಲ್ಲಾಡಿದ್ರೂ ನಿಮ್ಮ ಬಿಲ್ಲು ತಗೊಂಡು ಬರೋಳೂ ನಾನೇ."

ಆ ಕಡೆಯಿಂದ ನಗು ಕೇಳಿಸಿತು. ಅದರ ಹಿಂದೆಯೇ ಪಿಂಗಾಣಿ ಒಡೆದ ಸದ್ದು. ಕರೆ ಕಡಿದುಹೋಯಿತು.

ಮೇಜಿನ ಮೇಲೆ ಹೊಸದಾಗಿ ಬಂದಿದ್ದ ಟೀ ಹೂಜಿಯ ಮೂತಿಯಿಂದ ಹಬೆ ಚಿಮ್ಮುತ್ತಿತ್ತು. ಪುಯ್ ಸಾನ್ ಕರವಸ್ತ್ರ ಸುತ್ತಿ ಅದರ ಹಿಡಿಕೆ ಹಿಡಿದಳು, ಮುಚ್ಚಳ ತೆಗೆದೆಸೆದಳು, ನೇರವಾಗಿ ಬಾಗಿಲ ಕಡೆಗೆ ನಡೆದಳು.

"ದಾರಿ ಬಿಡ್ತೀರೋ," ಎಂದು ಕೇಳಿದಳು, "ಇಲ್ಲ ಟೀ ಕುಡೀತೀರೋ?"